‘ಇರಲಿ’ ಎಂದು ಬರೆಯುತ್ತಿದ್ದ ಗುರವ ಸರ್

ಗುರವ ಸರ್ ತಮ್ಮ ಇಡೀ ನೌಕರಿಯಲ್ಲಿ ಒಬ್ಬ ಹುಡುಗಿಯ ಮೇಲೂ ಕೈ ಎತ್ತಿದವರಲ್ಲ. ಬಾರಿಸುವುದೆಲ್ಲ ಹುಡುಗರಿಗೆ. ಹೋದ ವರ್ಷ ಅವರು ತೀರಿಕೊಂಡ ದಿನ ನಮ್ಮ ಹೈಸ್ಕೂಲಿನ ವಾಟ್ಸಾಪ್ ಗುಂಪಿನಲ್ಲಿ ಒಬ್ಬರಾದ ಮೇಲೊಬ್ಬರು ಇದನ್ನೇ ಬರೆದರು. ಗಣಿತದ ಮಾಸ್ತರರಾಗಿದ್ದೂ ಹೆಣ್ಣುಮಕ್ಕಳನ್ನು ಮನೆಮಗಳಂತೆ ಕಂಡವರು, ಲೆಕ್ಕ ತಪ್ಪಿದರೂ ಒಂದು ಬಿರುಸು ಮಾತು ಆಡದವರು, ಅಂಥವರ ಕೈಯಲ್ಲಿ ಕಲಿತದ್ದು ನಮ್ಮ ಪುಣ್ಯ ಎಂದು ಗೆಳತಿಯರೆಲ್ಲ ಕೈಮುಗಿದ ಚಿತ್ರ ಹಾಕಿದರು. ಬರೆದದ್ದೆಲ್ಲ ನಿಜ, ಒಂದಕ್ಷರವೂ ಸುಳ್ಳಲ್ಲ. ಅವರ ಮೇಲೆ ನನಗಿರುವ ದೂರು ಕೂಡ ಅದೇ ಆಗಿದ್ದರಿಂದ ನಾನು ಏನೂ ಬರೆಯಲಿಲ್ಲ.

ಖಾನಾಪುರದ ನಮ್ಮ ಶಾಲೆಗೆ ಸರ್ ಸೈಕಲ್ ಮೇಲೆ ಬರುತ್ತಿದ್ದರು. ಅರ್ಧ ತೋಳಿನ ಬಿಳಿ ಅಂಗಿ, ಜೇಬಿನಲ್ಲಿ ಎರಡು ಪೆನ್ನು, ಒಂದು ನೀಲಿ, ಒಂದು ಕೆಂಪು. ಕೆಂಪು ಪೆನ್ನು ಸೋರುತ್ತಿದ್ದುದರಿಂದ ಜೇಬಿನ ತಳದಲ್ಲಿ ಯಾವಾಗಲೂ ಒಂದು ಕಲೆ ಇರುತ್ತಿತ್ತು. ಆ ಪೆನ್ನನ್ನು ಬದಲಿಸಿ ಎಂದು ಯಾರಾದರೂ ಹೇಳಿದರೆ, ಅದು ಎಷ್ಟು ಮಂದಿಯನ್ನು ಪಾಸು ಮಾಡಿಸಿದೆ ಗೊತ್ತೇನು ಎಂದು ಕೇಳುತ್ತಿದ್ದರು. ದನಿ ದೊಡ್ಡದು. ಅವರು ಒಂಬತ್ತನೇ ತರಗತಿಯಲ್ಲಿ ಪಾಠ ಮಾಡಿದರೆ ಹತ್ತನೇ ತರಗತಿಗೆ ಪುನರಾವರ್ತನೆ ಆಗುತ್ತಿತ್ತು. ಸಿಟ್ಟಿನಲ್ಲೂ ನಗಿಸುವುದು ಅವರಿಗೆ ಸಿದ್ಧಿಸಿತ್ತು. ಅವರ ತರಗತಿ ತಪ್ಪಿಸಿ ಯಾರೂ ಮನೆಯಲ್ಲಿ ಉಳಿದದ್ದು ನನಗೆ ನೆನಪಿಲ್ಲ, ಜ್ವರ ಬಂದವರು ಕೂಡ ಬಂದು ಕೂರುತ್ತಿದ್ದರು.

ಗಣಿತವನ್ನು ಅವರು ಎಮ್ಮೆಗೆ ಹೋಲಿಸುತ್ತಿದ್ದರು. “ಲೆಕ್ಕ ಅಂದ್ರ ಎಮ್ಮಿ ಇದ್ದಂಗೊ ತಮ್ಮಾ. ಎದರಿಗಿಂದ ಹೋದ್ರ ಹಾಯತೈತಿ. ಬಾಜೂಕಿಂದ ಹೋಗಿ ಮೈ ಸವರ್ರಿ, ತಾನ ನಿಲ್ಲತೈತಿ” ಎಂದು ಹುಡುಗರ ಸಾಲಿನತ್ತ ತಿರುಗಿ ಹೇಳುವರು. ಆಮೇಲೆ ನಮ್ಮ ಸಾಲಿನತ್ತ ತಿರುಗಿ, ದನಿ ಇಳಿಸಿ, “ನೀವ್ಯಾಕವಾ ಎಮ್ಮಿ ಹಂತೇಕ ಹೊಕ್ಕೀರಿ, ನೀವು ಹಾಲು ಕಾಸೂದು ಕಲೀರಿ” ಎನ್ನುವರು. ತರಗತಿ ಗೊಳ್ಳೆಂದು ನಗುತ್ತಿತ್ತು. ಹುಡುಗರಿಗಿಂತ ಜೋರಾಗಿ ನಾವೇ ನಗುತ್ತಿದ್ದೆವು. ಹಾಲು ಕಾಯಿಸುವುದೆಂದರೆ ಪ್ರಮೇಯ ಬಾಯಿಪಾಠ ಮಾಡುವುದು, ಆಕೃತಿ ಅಂದವಾಗಿ ತೆಗೆಯುವುದು, ಅಂಚಿಗೆ ಗೆರೆ ಹೊಡೆಯುವುದು. ನನ್ನ ಹೆಸರು ರೇಖಾ. ಹೆಸರಿಗೆ ತಕ್ಕಂತೆ ಗೆರೆ ಹೊಡೆಯುತ್ತೀ ಎಂದು ಸರ್ ಮೆಚ್ಚಿ, ಗೋಡೆಗೆ ತೂಗುಹಾಕುವ ಚಾರ್ಟುಗಳನ್ನೆಲ್ಲ ನನ್ನಿಂದಲೇ ಬರೆಸುತ್ತಿದ್ದರು. ಇನ್‌ಸ್ಪೆಕ್ಟರ್ ಬಂದಾಗ ಆ ಚಾರ್ಟುಗಳನ್ನು ನೋಡಿ ಹೊಗಳಿ ಹೋದರು. ವೃತ್ತಕ್ಕೆ ಹೊರಗಿನ ಬಿಂದುವಿನಿಂದ ಎಳೆದ ಎರಡು ಸ್ಪರ್ಶಕಗಳನ್ನು ನಾನು ಹತ್ತು ಬಣ್ಣದಲ್ಲಿ ಬರೆದಿದ್ದೆ, ಅವು ಯಾಕೆ ಸಮ ಎಂದು ಒಮ್ಮೆಯೂ ಯೋಚಿಸಿರಲಿಲ್ಲ. ಯಾರೂ ಕೇಳಿಯೂ ಇರಲಿಲ್ಲ.

ಪೇಪರ್ ತಿದ್ದುವಾಗ ಸರ್ ಕೆಂಪು ಶಾಯಿಯಲ್ಲಿ ಎರಡೇ ಮಾತು ಬರೆಯುತ್ತಿದ್ದರು. ಹುಡುಗರ ತಪ್ಪು ಲೆಕ್ಕದ ಕೆಳಗೆ ‘ಮತ್ತೆ ಮಾಡು’. ಹುಡುಗಿಯರ ತಪ್ಪು ಲೆಕ್ಕದ ಕೆಳಗೆ ‘ಇರಲಿ’. ಮತ್ತೆ ಮಾಡು ಎಂದರೆ ಸಂಜೆ ಶಾಲೆ ಬಿಟ್ಟ ಮೇಲೆ ಸರ್ ಎದುರಿಗೆ ನೆಲದ ಮೇಲೆ ಕುಳಿತು ಸರಿ ಬರುವ ತನಕ ಮಾಡುವುದು. ಎರಡನೆಯ ಸಲ ತಪ್ಪಿದರೆ ಅಂಗೈಗೆ ಒಂದು ಏಟು. ಮೂರನೆಯ ಸಲವೂ ತಪ್ಪಿದರೆ ಸರ್ ತಾವೇ ಪಕ್ಕದಲ್ಲಿ ಕುಳಿತು, ಅವನು ಎಲ್ಲಿ ಎಡವಿದ ಎಂದು ಬೆರಳಿಟ್ಟು ಹುಡುಕುವರು. ಇರಲಿ ಎಂದರೆ ಅರ್ಧ ಅಂಕ ಕೊಟ್ಟು ಮನೆಗೆ ಕಳಿಸುವುದು. ನಾವು ಚೀಲ ಹೆಗಲಿಗೇರಿಸಿ ಕಿಟಕಿಯ ಪಕ್ಕದಿಂದ ಹಾದು ಹೋಗುವಾಗ ಒಳಗೆ ಹುಡುಗರು ಅಂಗೈ ಉಜ್ಜಿಕೊಳ್ಳುತ್ತ ಕುಳಿತಿರುತ್ತಿದ್ದರು. ಅವರನ್ನು ನೋಡಿ ಬಾಯಿಗೆ ಓಢಣಿ ಅಡ್ಡ ಹಿಡಿದು ನಗುತ್ತಿದ್ದೆವು. ಹೆಣ್ಣಾಗಿ ಹುಟ್ಟಿದ್ದಕ್ಕೆ ಒಂದಾದರೂ ಲಾಭ ಇದೆ ಎಂದು ನನಗೆ ಆಗ ಮನಸಾರೆ ಅನ್ನಿಸಿತ್ತು.

ನಮ್ಮ ಮನೆಮಾತು ಮರಾಠಿ. ಅಪ್ಪ ಬಸ್ ಕಂಡಕ್ಟರ್. ಮುಂದೆ ನೌಕರಿಗೆ ಅನುಕೂಲವಾಗಲಿ ಎಂದು ಅವರು ನನ್ನನ್ನು ಕನ್ನಡ ಶಾಲೆಗೆ ಹಾಕಿದ್ದರು. ನಮ್ಮ ಓಣಿಯ ಪರಶುರಾಮನೂ ಹಾಗೆಯೇ, ಮನೆಯಲ್ಲಿ ಮರಾಠಿ, ಶಾಲೆಯಲ್ಲಿ ಕನ್ನಡ. ಅವನನ್ನು ಎಲ್ಲರೂ ಪರಶ್ಯಾ ಎನ್ನುತ್ತಿದ್ದರು. ನಮ್ಮಿಬ್ಬರಿಗೂ ಮಗ್ಗಿ ಬರುತ್ತಿದ್ದುದು ಮರಾಠಿಯಲ್ಲಿ. ಒಂಬತ್ತು ಮೂರಲೆ ಎಂದು ಸರ್ ಕೇಳಿದರೆ ತಲೆಯಲ್ಲಿ ಮೊದಲು ‘ಸತ್ತಾವೀಸ’ ಎಂದು ಬರುತ್ತಿತ್ತು. ಕನ್ನಡದ ಇಪ್ಪತ್ತೇಳರಲ್ಲಿ ಇಪ್ಪತ್ತು ಮುಂದೆ, ಏಳು ಹಿಂದೆ. ಮರಾಠಿಯ ಸತ್ತಾವೀಸದಲ್ಲಿ ಏಳು ಮುಂದೆ, ಇಪ್ಪತ್ತು ಹಿಂದೆ. ಅವಸರದಲ್ಲಿ ಕೈ ಕೇಳಿದಂತೆಯೇ ಬರೆದುಬಿಡುತ್ತಿತ್ತು, ಮೊದಲು ಏಳು, ಆಮೇಲೆ ಎರಡು. ಇಪ್ಪತ್ತೇಳು ಹೋಗಿ ಎಪ್ಪತ್ತೆರಡು ಆಗುತ್ತಿತ್ತು. ಖಾನಾಪುರದ ಕಡೆಯ ಶಾಲೆಗಳಲ್ಲಿ ಈ ತಪ್ಪು ಮಾಡದ ಮಗುವೇ ಇರಲಿಕ್ಕಿಲ್ಲ. ಲೆಕ್ಕದ ರೀತಿ ಪೂರ್ತಿ ಸರಿಯಿದ್ದು ಕೊನೆಗೆ ಉತ್ತರ ಮಾತ್ರ ತಲೆಕೆಳಗಾಗಿ ಬಿದ್ದಿರುತ್ತಿತ್ತು.

ಈ ಒಂದೇ ತಪ್ಪಿಗೆ ಸರ್ ಎರಡು ಹೆಸರು ಇಟ್ಟಿದ್ದರು. ಪರಶ್ಯಾ ಇಪ್ಪತ್ತೇಳಕ್ಕೆ ಎಪ್ಪತ್ತೆರಡು ಬರೆದರೆ ಅದು ಗಡಿಬಿಡಿ. ತಲೆ ಓಡುತ್ತದೆ, ಕೈ ಹಿಂದೆ ಬೀಳುತ್ತದೆ ಎಂದು ಹೇಳಿ, ಒಂದು ಏಟು ಕೊಟ್ಟು, ಹತ್ತು ಸಲ ಮಾಡಿಸುತ್ತಿದ್ದರು. ನಾನು ಬರೆದರೆ ಅದು ಲೆಕ್ಕ ತಲೆಗೆ ಹತ್ತದಿರುವುದು. ನನ್ನ ಪೇಪರ್ ಕೈಗಿಡುವಾಗ ತಲೆ ಸವರಿ, “ಇರ್ಲಿ ಬಿಡವಾ ತಂಗಿ, ಅಕ್ಷರಾ ಎಷ್ಟ ಚಂದ ಬರದಿ ನೋಡ” ಎನ್ನುತ್ತಿದ್ದರು. ಎಂಟನೇ ತರಗತಿಯ ಆರಂಭದಲ್ಲಿ ಪರಶ್ಯಾನಿಗಿಂತ ನನಗೆ ಹೆಚ್ಚು ಅಂಕ ಬರುತ್ತಿದ್ದವು. ಒಂಬತ್ತಕ್ಕೆ ಬರುವಷ್ಟರಲ್ಲಿ ಅವನ ಉತ್ತರ ತಿರುಗುಮುರುಗು ಆಗುವುದು ನಿಂತಿತ್ತು. ನನ್ನದು ನಿಂತಿರಲಿಲ್ಲ, ನಿಲ್ಲಿಸಬೇಕೆಂದು ಯಾರಿಗೂ ಅನ್ನಿಸಿರಲೂ ಇಲ್ಲ.

ನನಗೆ ಮಾತ್ರ ಒಂದು ಕೆಟ್ಟ ಕುತೂಹಲ ಇತ್ತು. ತಪ್ಪಿದ್ದು ಎಷ್ಟರಿಂದ ತಪ್ಪಿದೆ ಎಂದು ನೋಡುವ ಚಟ. ಸಂಜೆ ಮನೆಯ ಹೊಸ್ತಿಲ ಮೇಲೆ ಕುಳಿತು, ನೋಟಿನ ಹಿಂದಿನ ಪುಟದಲ್ಲಿ, ನನ್ನ ತಪ್ಪು ಉತ್ತರಗಳಿಂದ ಸರಿ ಉತ್ತರ ಕಳೆಯುತ್ತಿದ್ದೆ. ಎಪ್ಪತ್ತೆರಡರಲ್ಲಿ ಇಪ್ಪತ್ತೇಳು ಹೋದರೆ ನಲವತ್ತೈದು. ಅರವತ್ತಮೂರರಲ್ಲಿ ಮೂವತ್ತಾರು ಹೋದರೆ ಇಪ್ಪತ್ತೇಳು. ಐವತ್ತನಾಲ್ಕರಲ್ಲಿ ನಲವತ್ತೈದು ಹೋದರೆ ಒಂಬತ್ತು. ನನ್ನ ತಪ್ಪುಗಳೆಲ್ಲ ಒಂಬತ್ತರ ಮಗ್ಗಿಯಲ್ಲೇ ಬೀಳುತ್ತಿದ್ದವು. ಕೆಲವು ದಿನ ನೋಡಿದ ಮೇಲೆ ಇನ್ನೊಂದು ಹೊಳೆಯಿತು. ಎರಡು ಅಂಕಿಗಳ ನಡುವಿನ ವ್ಯತ್ಯಾಸವನ್ನು ಒಂಬತ್ತರಿಂದ ಗುಣಿಸಿದರೆ ನಾನು ಎಷ್ಟರಿಂದ ತಪ್ಪಿದ್ದೇನೆ ಎಂಬುದು ಬಂದುಬಿಡುತ್ತಿತ್ತು. ಎರಡಕ್ಕೂ ಏಳಕ್ಕೂ ಐದರ ಅಂತರ, ಒಂಬತ್ತೈದಲೆ ನಲವತ್ತೈದು. ಒಂದು ಸಲವೂ ಅದು ಸುಳ್ಳಾಗಲಿಲ್ಲ. ಆ ಸಂಜೆ ನನಗಾದ ಸಂತೋಷವನ್ನು ಹೇಳಿಕೊಳ್ಳಲು ಯಾರೂ ಇರಲಿಲ್ಲ. ಅವ್ವನಿಗೆ ಹೇಳಹೋದರೆ, ತಪ್ಪಿದ್ದಕ್ಕೆ ಇಷ್ಟು ಖುಷಿಯೇ ಎಂದು ಕೇಳಿ ಕೊತ್ತಂಬರಿ ಸೋಸಲು ಕೊಟ್ಟಳು.

ಒಂಬತ್ತನೇ ತರಗತಿಯ ಅರ್ಧವಾರ್ಷಿಕ ಪರೀಕ್ಷೆಯ ಕೊನೆಯ ಪ್ರಶ್ನೆ ಹೀಗಿತ್ತು: ಎರಡಂಕಿಯ ಒಂದು ಸಂಖ್ಯೆ. ಅಂಕಿಗಳ ಮೊತ್ತ ಒಂಬತ್ತು. ಅಂಕಿಗಳನ್ನು ಅದಲುಬದಲು ಮಾಡಿದರೆ ಸಂಖ್ಯೆ ನಲವತ್ತೈದರಷ್ಟು ಹೆಚ್ಚುತ್ತದೆ. ಆ ಸಂಖ್ಯೆ ಯಾವುದು? ಸರ್ ಕಲಿಸಿದ ರೀತಿಯಲ್ಲಿ ಒಂದು ಅಂಕಿ ಎಕ್ಸ್, ಇನ್ನೊಂದು ವೈ ಎಂದು ಹಿಡಿದು ಹತ್ತು ಹನ್ನೆರಡು ಸಾಲು ಬರೆಯಬೇಕು. ನನಗೆ ಪ್ರಶ್ನೆ ನೋಡಿದ ಕೂಡಲೇ ನಗು ಬಂತು. ಅದು ನನ್ನದೇ ತಪ್ಪಿನ ಕಥೆಯಾಗಿತ್ತು. ನಲವತ್ತೈದು ಎಂದರೆ ಐದು ಒಂಬತ್ತು, ಆದ್ದರಿಂದ ಅಂಕಿಗಳ ಅಂತರ ಐದು, ಮೊತ್ತ ಒಂಬತ್ತು, ಆದ್ದರಿಂದ ಎರಡು ಮತ್ತು ಏಳು, ಉತ್ತರ ಇಪ್ಪತ್ತೇಳು ಎಂದು ಎರಡೇ ಸಾಲಿನಲ್ಲಿ ಬರೆದೆ. ಇಪ್ಪತ್ತೇಳನ್ನು ಆ ಒಂದು ಸಲ ಎರಡೆರಡು ಬಾರಿ ನೋಡಿ ಸರಿಯಾಗಿ ಬರೆದಿದ್ದೆ.

ಪೇಪರ್ ಹಂಚುವ ದಿನ ಸರ್ ನನ್ನನ್ನು ಮೇಜಿನ ಹತ್ತಿರ ಕರೆದರು. ಆ ಎರಡು ಸಾಲಿನ ಮೇಲೆ ಬೆರಳಿಟ್ಟು, ಇದನ್ನು ಯಾರು ಹೇಳಿಕೊಟ್ಟರು ಎಂದು ಮೆಲ್ಲಗೆ ಕೇಳಿದರು. ಯಾರೂ ಇಲ್ಲ ಎಂದೆ. ಸರ್ ನಕ್ಕರು. ಸಿಟ್ಟಿನ ನಗೆಯಲ್ಲ, ಮಗು ಸುಳ್ಳು ಹೇಳಿದಾಗ ದೊಡ್ಡವರು ನಗುವ ನಗೆ.

“ಪರಶ್ಯಾ ನಿಮ್ಮ ಓಣ್ಯಾಂವ ಅಲ್ಲಾ?” ಎಂದರು.

ಹೌದು ಎಂದೆ. ಓಣಿಗೆ ಹೌದು ಎಂದೆ. ಸರ್ ಅದನ್ನು ಲೆಕ್ಕಕ್ಕೆ ಹೌದು ಎಂದು ಹಿಡಿದರು, ಅಥವಾ ಹಿಡಿದವರಂತೆ ಮಾಡಿದರು. ನಾಲ್ಕು ಅಂಕದ ಪ್ರಶ್ನೆಗೆ ಎರಡು ಕೊಟ್ಟು, ಕೆಳಗೆ ಇರಲಿ ಎಂದು ಬರೆದು, ನನ್ನನ್ನು ಜಾಗಕ್ಕೆ ಕಳಿಸಿದರು. ಆಮೇಲೆ ಇಡೀ ತರಗತಿಗೆ ಕೇಳುವಂತೆ, ನಮ್ಮ ಪರಶುರಾಮ ಒಂದು ಹೊಸ ಹಾದಿ ಹುಡುಕಿದ್ದಾನೆ ಎಂದು ಸಾರಿ ಅವನನ್ನು ಬೋರ್ಡಿಗೆ ಕರೆದರು. ಪರಶ್ಯಾ ಸುಣ್ಣದ ಕಡ್ಡಿ ಹಿಡಿದು ನಿಂತ. ಅವನಿಗೆ ಏನೂ ಗೊತ್ತಿರಲಿಲ್ಲ. ಒಮ್ಮೆ ನನ್ನ ಕಡೆ ನೋಡಿದ, ನಾನು ನೆಲ ನೋಡಿದೆ. ಹುಡುಗ ನಾಚಿಕೊಳ್ಳುತ್ತಿದ್ದಾನೆ ಎಂದು ಹೇಳಿ ಸರ್ ತಾವೇ ಅದನ್ನು ಬೋರ್ಡಿನ ಮೇಲೆ ಬಿಡಿಸಿ ತೋರಿಸಿದರು. ಬಹಳ ಚೆನ್ನಾಗಿ ವಿವರಿಸಿದರು. ನನ್ನ ಲೆಕ್ಕ ಯಾಕೆ ಸರಿ ಎಂಬುದು ನನಗೇ ಪೂರ್ತಿ ತಿಳಿದದ್ದು ಆ ದಿನ.

ಮರುದಿನ ಸರ್ ಬೆಳಗಾವಿಯಿಂದ ಕುಂದಾ ತರಿಸಿ ತರಗತಿಗೆಲ್ಲ ಹಂಚಿದರು. ಪರಶ್ಯಾನ ಹೆಸರಿನಲ್ಲಿ ನಾನೂ ತಿಂದೆ, ರುಚಿಯಾಗಿಯೇ ಇತ್ತು. ಅದೇ ಸಂಜೆ ಸರ್ ಸೈಕಲ್ ನಮ್ಮ ಓಣಿಗೆ ಬಂತು. ನಮ್ಮ ಮನೆ ದಾಟಿ ಎರಡು ಮನೆ ಆಚೆ, ಪರಶ್ಯಾನ ಬಾಗಿಲಲ್ಲಿ ನಿಂತಿತು. ಅವರಪ್ಪ ಹೆಂಚಿನ ಭಟ್ಟಿಯಲ್ಲಿ ಕೆಲಸ ಮಾಡುತ್ತಿದ್ದ. ಸರ್ ಅವನೊಂದಿಗೆ ಕಟ್ಟೆಯ ಮೇಲೆ ಬಹಳ ಹೊತ್ತು ಮಾತಾಡಿ, ಚಹಾ ಕುಡಿದು ಹೋದರು. ಅವರು ಹೋದ ಮೇಲೆ ಪರಶ್ಯಾ ನನ್ನ ಹತ್ತಿರ ಬಂದು ಆ ಲೆಕ್ಕ ಹೇಗೆ ಎಂದು ಕೇಳಿದ. ನಾನೇ ಹೇಳಿಕೊಟ್ಟೆ. ಹತ್ತು ನಿಮಿಷದಲ್ಲಿ ಕಲಿತ. ಹೀಗೆ ಸರ್ ಹೇಳಿದ್ದು ಹಿಂದುಮುಂದಾಗಿಯಾದರೂ ಅರ್ಧ ನಿಜವಾಯಿತು. ಆ ರೀತಿಗೆ ಶಾಲೆಯಲ್ಲಿ ‘ಪರಶ್ಯಾನ ಒಂಬತ್ತು’ ಎಂದು ಹೆಸರು ಬಿತ್ತು. ನಮ್ಮ ನಂತರ ಬಂದವರಿಗೂ ಸರ್ ಅದೇ ಹೆಸರಿನಲ್ಲಿ ಕಲಿಸಿದರೆಂದು ಕೇಳಿದ್ದೇನೆ.

ಎಸ್ಸೆಸ್ಸೆಲ್ಸಿಯಲ್ಲಿ ನನಗೆ ಗಣಿತದಲ್ಲಿ ಒಳ್ಳೆಯ ಅಂಕ ಬಂದವು. ಪ್ರಮೇಯಗಳು ಬಾಯಿಗೆ ಬರುತ್ತಿದ್ದವು, ಆಕೃತಿಗಳು ಅಂದವಾಗಿದ್ದವು. ನನಗೆ ವಿಜ್ಞಾನ ತೆಗೆದುಕೊಂಡು ಮುಂದೆ ಗಣಿತ ಓದಬೇಕೆಂದು ಆಸೆ. ಆಸೆ ಎಂದರೆ ಕಡಿಮೆಯಾಯಿತು, ಬೇರೆ ಏನನ್ನೂ ಓದುವುದು ನನಗೆ ಕಲ್ಪನೆಗೂ ಬರುತ್ತಿರಲಿಲ್ಲ. ಅಪ್ಪ ಗುರವ ಸರ್ ಮಾತು ಕೇಳಿ ನಿರ್ಧರಿಸುತ್ತೇನೆ ಎಂದರು. ನಾನೂ ಜೊತೆಗೆ ಹೋದೆ. ಸರ್ ನಮ್ಮನ್ನು ಕೂರಿಸಿ, ಅವಲಕ್ಕಿ ತಿನ್ನಿಸಿ, ನನ್ನನ್ನು ಹೊಗಳಿದರು. ಆಮೇಲೆ ಅಪ್ಪನಿಗೆ ಹೇಳಿದರು:

“ಸೈನ್ಸಿಗೆ ಹಾಕಬ್ಯಾಡ್ರಿ. ಹುಡುಗಿ ಮೆತ್ತಗ ಅದಾಳ, ಅಲ್ಲೆ ಹೋಗಿ ಕಣ್ಣೀರ ಹಾಕ್ತಾಳ. ಆರ್ಟ್ಸ್ ಮಾಡಿ ಸಾಲಿ ಮಾಸ್ತರ್ತಿ ಆಗ್ಲಿ. ಅಕ್ಷರಾ ಚಂದ ಅದಾವ.”

ನಾನು ಎರಡು ದಿನ ಊಟ ಬಿಟ್ಟೆ. ಅಪ್ಪ ಕೊನೆಗೆ ಸೋತು ಬೆಳಗಾವಿಯ ಒಂದು ಕಾಲೇಜಿನಲ್ಲಿ ವಿಜ್ಞಾನಕ್ಕೆ ಸೇರಿಸಿದರು. ಪರಶ್ಯಾನೂ ಅದೇ ಕಾಲೇಜು, ಅದೇ ತರಗತಿ. ಮುಂಜಾನೆಯ ಬಸ್ಸಿಗೆ ಖಾನಾಪುರದಿಂದ ಹೋಗಿ ಸಂಜೆ ವಾಪಸು ಬರುತ್ತಿದ್ದೆವು. ಮೊದಲ ಟೆಸ್ಟಿನಲ್ಲಿ ಇಬ್ಬರೂ ಫೇಲಾದೆವು. ಅವನಿಗೆ ನನಗಿಂತ ಎರಡು ಅಂಕ ಕಡಿಮೆಯೇ ಬಂದಿತ್ತು. ಅವನು ಬಸ್ಸಿನಲ್ಲಿ ಕುಳಿತ ಕೂಡಲೇ ಪೇಪರ್ ತೊಡೆಯ ಮೇಲೆ ಹರಡಿ, ತಪ್ಪಿದ ಮೊದಲನೇ ಲೆಕ್ಕವನ್ನು ಮತ್ತೆ ಮಾಡತೊಡಗಿದ. ಬೆಳಗಾವಿ ದಾಟಿ ಪೀರನವಾಡಿ ಬರುವಷ್ಟರಲ್ಲಿ ಅದು ಬಗೆಹರಿದಿತ್ತು, ಎರಡನೆಯದಕ್ಕೆ ಕೈ ಹಾಕಿದ್ದ. ತಪ್ಪುವುದು ಅವನಿಗೆ ಎಂಟನೇ ತರಗತಿಯಿಂದ ರೂಢಿಯಾಗಿತ್ತು. ತಪ್ಪಿದ ಮೇಲೆ ಏನು ಮಾಡಬೇಕೆಂಬುದನ್ನು ಅವನಿಗೆ ಕಲಿಸಿದ್ದರು. ನನಗೆ ಕಲಿಸಿರಲಿಲ್ಲ. ನಾನು ಪೇಪರ್ ಮಡಚಿ ಚೀಲದಲ್ಲಿಟ್ಟು ಕಿಟಕಿಯಾಚೆ ನೋಡುತ್ತ ಕುಳಿತೆ.

ಆ ವರ್ಷವಿಡೀ ನನ್ನ ಕೈ ಮೂರನೆಯ ಸಾಲಿಗೆ ನಿಂತುಬಿಡುತ್ತಿತ್ತು. ಲೆಕ್ಕ ಗೊತ್ತಿದ್ದರೂ ನಿಲ್ಲುತ್ತಿತ್ತು. ಇದು ನನ್ನಿಂದ ಆಗುವುದಲ್ಲ ಎಂದು ಒಳಗೆ ಒಂದು ದನಿ ಹೇಳುತ್ತಿತ್ತು. ಆ ದನಿಯೂ ಗದರಿಸುತ್ತಿರಲಿಲ್ಲ, ತಲೆ ಸವರುತ್ತಿತ್ತು. ಗದರಿಸಿದ್ದರೆ ನಾನು ತಿರುಗಿ ಬೀಳುತ್ತಿದ್ದೆನೋ ಏನೋ. ತರಗತಿಯಲ್ಲಿ ಹುಡುಗಿಯರು ಕೆಲವರೇ ಇದ್ದೆವು, ಕೈ ಎತ್ತಿ ಪ್ರಶ್ನೆ ಕೇಳಿದರೆ ಹಿಂದಿನಿಂದ ಯಾರಾದರೂ ಕೆಮ್ಮುತ್ತಿದ್ದರು. ವರ್ಷದ ಕೊನೆಗೆ ಗಣಿತದಲ್ಲಿ ಫೇಲಾಗಿ ಮನೆಗೆ ಬಂದಾಗ ಅಪ್ಪ ಬೈಯಲಿಲ್ಲ. ಸರ್ ಮೊದಲೇ ಹೇಳಿದ್ದರು ಎಂದಷ್ಟೇ ಅಂದರು. ಸರ್ ಮಾತು ಸುಳ್ಳಾಗಲಿಲ್ಲವೆಂದು ಓಣಿಯಲ್ಲಿ ಅವರ ಮೇಲಿನ ಗೌರವ ಇನ್ನಷ್ಟು ಹೆಚ್ಚಿತು. ಮರುವರ್ಷ ನಾನು ಆರ್ಟ್ಸಿಗೆ ಹೋದೆ.

ಈಗ ನಾನು ಪೀರನವಾಡಿಯಲ್ಲಿದ್ದೇನೆ. ಗಂಡನ ಮನೆ ಅಲ್ಲಿ. ಬೆಳಗಾವಿಯ ಹಿಂದವಾಡಿಯಲ್ಲಿ ಒಂದು ಕೋಚಿಂಗ್ ಕ್ಲಾಸಿನಲ್ಲಿ ಪ್ರಶ್ನೆಪತ್ರಿಕೆ ಟೈಪ್ ಮಾಡುವ ಕೆಲಸ. ಗಣಿತದ ಪ್ರಶ್ನೆಪತ್ರಿಕೆಗಳನ್ನು ನನ್ನಷ್ಟು ಅಚ್ಚುಕಟ್ಟಾಗಿ ಟೈಪ್ ಮಾಡುವವರು ಊರಲ್ಲಿ ಇಲ್ಲ ಎಂದು ಅಲ್ಲಿಯ ಸರ್‌ಗಳು ಹೇಳುತ್ತಾರೆ. ಟೈಪ್ ಮಾಡುವಾಗ ಉತ್ತರ ತಲೆಯಲ್ಲಿ ತಾನಾಗಿ ಬರುತ್ತದೆ. ಯಾರೂ ನೋಡುತ್ತಿಲ್ಲವಾದ್ದರಿಂದ ಬರುತ್ತದೆ ಎಂದು ಕಾಣುತ್ತದೆ. ಪ್ರಶ್ನೆಯಲ್ಲಿ ತಪ್ಪಿದ್ದರೆ ಟೈಪಿಂಗ್ ತಪ್ಪು ಎಂದು ಹೇಳಿ ನಾನೇ ತಿದ್ದಿಬಿಡುತ್ತೇನೆ. ಹಾಗಲ್ಲದೆ ಬೇರೆ ರೀತಿ ಹೇಳಿದರೆ ಮಾತು ಉದ್ದವಾಗುತ್ತದೆ.

ಅಲ್ಲೊಂದು ದಿನ ನಡೆದದ್ದನ್ನೂ ಹೇಳಬೇಕು, ಇಲ್ಲದಿದ್ದರೆ ಎಲ್ಲ ಸರ್ ತಲೆಗೆ ಕಟ್ಟಿ ನಾನು ಒಳ್ಳೆಯವಳಾದಂತೆ ಆಗುತ್ತದೆ. ಹತ್ತನೇ ತರಗತಿಯ ಒಬ್ಬ ಹುಡುಗಿ ಟೆಸ್ಟ್ ಪೇಪರ್ ಹಿಡಿದು ಅಳುತ್ತ ನನ್ನ ಮೇಜಿನ ಹತ್ತಿರ ಬಂದು ನಿಂತಳು. ಪ್ರವೇಶ ಪರೀಕ್ಷೆಗೆ ತಯಾರು ಮಾಡುವ ದೊಡ್ಡ ಬ್ಯಾಚಿನವಳು. ಪೇಪರ್ ನೋಡಿದೆ. ಪ್ರತಿ ಲೆಕ್ಕವನ್ನೂ ಮೂರು ಸಾಲಿಗೆ ಬಿಟ್ಟಿದ್ದಳು. ನನ್ನ ಕೈ ತಾನಾಗಿ ಅವಳ ಬೆನ್ನಿನ ಮೇಲೆ ಹೋಯಿತು, ಬಾಯಿಂದ ‘ಇರ್ಲಿ ಬಿಡವಾ’ ಎಂದು ಬಂತು. ದನಿ ಕೂಡ ಗುರವ ಸರ್ ದನಿಯೇ. ಹುಡುಗಿ ಕಣ್ಣೊರೆಸಿಕೊಂಡು, ಹಗುರಾಗಿ ನಕ್ಕು ಹೋದಳು. ಮುಂದಿನ ವಾರ ಆ ಬ್ಯಾಚು ಬಿಟ್ಟು ಬರೀ ಪಾಸಾಗುವ ಮಕ್ಕಳ ಬ್ಯಾಚಿಗೆ ಹೆಸರು ಬರೆಸಿದಳು. ಹೆಸರು ಬದಲಿಸಿ ಪಟ್ಟಿ ಟೈಪ್ ಮಾಡಿದವಳು ನಾನೇ.

ಎರಡು ವರ್ಷದ ಹಿಂದೆ ನಮ್ಮ ಬ್ಯಾಚಿನವರು ಸೇರಿ ಖಾನಾಪುರದ ಶಾಲೆಯಲ್ಲಿ ಗುರುವಂದನೆ ಮಾಡಿದರು. ಪರಶ್ಯಾ ಈಗ ನೀರಾವರಿ ಇಲಾಖೆಯಲ್ಲಿ ಎಂಜಿನಿಯರ್, ಶಾಮಿಯಾನದ ಖರ್ಚು ಪೂರ್ತಿ ಅವನದೇ. ಹುಡುಗರೆಲ್ಲ ವೇದಿಕೆಯ ವ್ಯವಸ್ಥೆ, ನಾವು ಹೆಂಗಸರು ಒಂದೇ ಬಣ್ಣದ ಸೀರೆ ಉಟ್ಟು ರಂಗೋಲಿ, ಆರತಿ, ಚಹಾ. ಗುರವ ಸರ್ ಬಹಳ ಇಳಿದಿದ್ದರು. ದೊಡ್ಡ ದನಿ ಹೋಗಿ ಗೊಗ್ಗರಾಗಿತ್ತು. ನನ್ನನ್ನು ನೋಡಿದ ಕೂಡಲೇ ಗುರುತು ಹಿಡಿದು, ಬಾಗಿಲಲ್ಲಿಯ ರಂಗೋಲಿ ನಿನ್ನದೇ ಅಲ್ಲವೇ ಎಂದು ಕೇಳಿದರು. ನನ್ನದೇ ಆಗಿತ್ತು.

ಪರಶ್ಯಾ ಭಾಷಣ ಮಾಡಿದ. ಒಂಬತ್ತನೇ ತರಗತಿಯ ಆ ದಿನದ ಬಗ್ಗೆ ಹೇಳಿದ. ಅಪ್ಪ ತನ್ನನ್ನು ಶಾಲೆ ಬಿಡಿಸುವವನಿದ್ದ, ಸರ್ ಮನೆಗೇ ಬಂದು ನಿನ್ನ ಮಗ ಹೊಸ ಲೆಕ್ಕ ಕಂಡುಹಿಡಿದಿದ್ದಾನೆ ಎಂದು ಹೇಳಿ ಉಳಿಸಿದರು ಎಂದ. “ಆ ಲೆಕ್ಕಾ ನನಗ ಹೆಂಗ ಹೊಳೀತೋ ಇವತ್ತಿಗೂ ಗೊತ್ತಿಲ್ರಿ” ಎಂದು ಕಣ್ಣೊರೆಸಿಕೊಂಡ. ಅವನು ಸುಳ್ಳು ಹೇಳುತ್ತಿರಲಿಲ್ಲ. ಅಷ್ಟು ವರ್ಷ ಹೇಳಿ ಹೇಳಿ ಅವನೇ ಅದನ್ನು ನಂಬಿಬಿಟ್ಟಿದ್ದ. ಎಲ್ಲರೂ ಚಪ್ಪಾಳೆ ತಟ್ಟಿದರು. ನಾನೂ ತಟ್ಟಿದೆ, ಕೈ ಉರಿಯುವ ತನಕ.

ಅವತ್ತು ಹೇಳಲೇಬೇಕೆಂದು ನಿರ್ಧರಿಸಿದೆ. ನನಗೆ ಬೇಕಾದದ್ದು ಹೆಚ್ಚೇನಲ್ಲ. ಅದು ನನ್ನ ಲೆಕ್ಕ ಎಂದು ಈ ಭೂಮಿಯ ಮೇಲೆ ಇನ್ನೊಬ್ಬರಿಗೆ ಗೊತ್ತಾಗಬೇಕಿತ್ತು, ಆ ಇನ್ನೊಬ್ಬರು ಗುರವ ಸರ್ ಆಗಬೇಕಿತ್ತು. ನಿನ್ನ ತಲೆಯನ್ನು ಗುರುತಿಸದೆ ತಪ್ಪು ಮಾಡಿದೆ ಎಂದು ಅವರು ಒಮ್ಮೆ ಅಂದರೆ ಸಾಕಿತ್ತು. ಫೋಟೋ ತೆಗೆಯುವುದು ಮುಗಿದು ಸರ್ ಬದಿಯ ಕುರ್ಚಿಯಲ್ಲಿ ಒಬ್ಬರೇ ಕುಳಿತಿದ್ದಾಗ ಹೋಗಿ ಅವರ ಕಾಲ ಹತ್ತಿರ ಕುಳಿತೆ. ಸತ್ತಾವೀಸದಿಂದ ಹಿಡಿದು ನೋಟಿನ ಹಿಂದಿನ ಪುಟದ ವರೆಗೆ ಎಲ್ಲ ವಿವರಿಸಲು ತಯಾರಾಗಿದ್ದೆ. ಅವರು ನಂಬಲಿಕ್ಕಿಲ್ಲ ಎಂಬ ಭಯವಿತ್ತು.

“ಸರ್, ಆ ಒಂಬತ್ತರ ಲೆಕ್ಕಾ ಪರಶ್ಯಾಂದಲ್ರಿ. ನಂದು” ಎಂದೆ.

ಸರ್ ನನ್ನ ಮುಖ ನೋಡಿದರು. ಆಶ್ಚರ್ಯವೇನೂ ಕಾಣಲಿಲ್ಲ.

“ಗೊತ್ತೈತವಾ” ಎಂದರು. “ಪರಶ್ಯಾ ಆ ಲೆಕ್ಕಾ ಬಿಟ್ಟಿದ್ದ. ಪೇಪರಿನ್ಯಾಗ ಜಾಗಾ ಖಾಲಿ ಇತ್ತು.”

ನಾನು ಇಷ್ಟು ವರ್ಷ ಅದನ್ನು ಅವರ ಕಣ್ತಪ್ಪು ಎಂದು ನಂಬಿದ್ದೆ. ಕಣ್ತಪ್ಪು ಯಾರಿಗಾದರೂ ಆಗುತ್ತದೆ ಎಂದು ಎಷ್ಟೋ ಸಲ ಮನಸ್ಸಿನಲ್ಲಿ ಕ್ಷಮಿಸಿಯೂ ಇದ್ದೆ. ಯಾಕೆ ಸರ್ ಎಂದು ಕೇಳಿದೆ.

“ಅವರಪ್ಪ ಅವನ್ನ ಭಟ್ಟಿಗೆ ಹಾಕಾಂವ ಇದ್ದ. ಅಂವಗ ತೋರ್ಸಾಕ ನನಗ ಏನರ ಒಂದು ಬೇಕಿತ್ತು. ನಿಂದು ಹೆಂಗಿದ್ರೂ ಲಗ್ನ ಆಗೂದಿತ್ತು. ನೀ ಅದನ್ನ ತುಗೊಂಡು ಏನ ಮಾಡಾಕಿ ಇದ್ದಿ?”

ಅದರಲ್ಲಿ ಕೇಡಿರಲಿಲ್ಲ. ಬೋರ್ಡಿನ ಮುಂದೆ ನಿಂತು ಒಂದು ಹಂತದಿಂದ ಇನ್ನೊಂದು ಹಂತ ಹೇಗೆ ಬಂತು ಎಂದು ಹೇಳುತ್ತಿದ್ದ ಅದೇ ಶಾಂತ ರೀತಿ. ಕೇಳಿ, ಉತ್ತರಕ್ಕಾಗಿ ನನ್ನ ಮುಖವನ್ನೇ ನೋಡುತ್ತ ಕಾದರು. ಏನು ಮಾಡುವವಳಿದ್ದೆ ಎಂಬುದು ನನಗೆ ಚೆನ್ನಾಗಿ ಗೊತ್ತಿತ್ತು. ಅಷ್ಟರಲ್ಲಿ ಪರಶ್ಯಾ ಒಂದು ಕುರ್ಚಿ ಎಳೆದುಕೊಂಡು ಬಂದು ಸರ್ ಪಕ್ಕದಲ್ಲಿ ಕುಳಿತ. ಸರ್ ಅವನ ತೊಡೆ ತಟ್ಟಿ, ನನ್ನ ಕಡೆ ತಿರುಗಿ ಪ್ರೀತಿಯಿಂದಲೇ ಹೇಳಿದರು.

“ರೇಖಾ, ಚಾ ಆಗೇತೇನ ನೋಡವಾ. ಸಕ್ಕರಿ ಕಡಿಮಿ ಹಾಕಾಕ ಹೇಳ.”

ನಾನು ಎದ್ದು ಹೋಗಿ, ಸಕ್ಕರೆ ಕಡಿಮೆ ಹಾಕಿಸಿ, ಎರಡು ಕಪ್ ಚಹಾ ತಂದೆ. ಒಂದು ಸರ್‌ಗೆ, ಒಂದು ಪರಶ್ಯಾನಿಗೆ.